ಶಬ್ದವೇಧಿ

ಕನ್ನಡದ ಮೇಷ್ಟರಾದವನಿಗೆ ನೆರೆಹೊರೆಯವರು ವಹಿಸುವ ಕೆಲಸಗಳಲ್ಲಿ ಮುಖ್ಯವಾದದ್ದು ಅರ್ಜಿ ಬರೆಯುವುದು. ಮದುವೆಯ ಕರೆಯೋಲೆ, ನಿವೃತ್ತರಾಗುವವರಿಗೆ ಬಿನ್ನವತ್ತಳೆ, ಗಣೇಶೋತ್ಸವದ ಕರಪತ್ರ, ನಲ್ಲಿಯಲ್ಲಿ ನೀರು ಬಾರದಿದ್ದಾಗ ದೂರು, ದೀಪ ಉರಿಯದಿದ್ದಾಗ ಮನವಿ—ಇವನ್ನೆಲ್ಲ ಹದಿನೆಂಟು ವರ್ಷಗಳಿಂದ ಬರೆದುಕೊಟ್ಟಿದ್ದೇನೆ. “ನೀವು ಬರೆದರೆ ಅದರ ತೂಕವೇ ಬೇರೆ” ಎಂದು ಯಾರಾದರೂ ಅಂದಾಗ ಒಳಗೊಳಗೇ ಹಿಗ್ಗಿದ್ದೂ ಉಂಟು. ಆದರೆ ತೂಕದ ಮಾತು ಹಾಗಿರಲಿ, ಈ ಅರ್ಜಿಗಳಲ್ಲಿ ಬಹುಪಾಲು ಏನೂ ಫಲ ಕೊಟ್ಟಂತೆ ಕಾಣಲಿಲ್ಲ. ನೀರು ಬಂದದ್ದು ಮಳೆ ಬಂದ ಮೇಲೆ; ದೀಪ ಉರಿದದ್ದು ಚುನಾವಣೆ ಹತ್ತಿರವಾದ ಮೇಲೆ. ನಾನು ಕೇಳಿದ್ದನ್ನು ಕೇಳಿದ ಹಾಗೆಯೇ, ಎರಡೇ ತಿಂಗಳಲ್ಲಿ, ನಡೆಸಿಕೊಟ್ಟ ಅರ್ಜಿ ಒಂದೇ ಒಂದು. ಅದರ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಹೇಳಿದರೆ ಮನಸ್ಸು ಹಗುರಾಗುತ್ತದೆಂದಲ್ಲ. ಅದರಲ್ಲಿ ನನ್ನೊಬ್ಬನ ಮಾತಷ್ಟೇ ಇಲ್ಲವೆಂದು ತೋರುವುದರಿಂದ.

ನಾವಿರುವುದು ಬೆಂಗಳೂರಿನ ಅಂಚಿನ ಒಂದು ಬಡಾವಣೆಯಲ್ಲಿ. ಮೂವತ್ತು ವರ್ಷಗಳ ಹಿಂದೆ ಇಲ್ಲಿ ರಾಗಿಯ ಹೊಲಗಳಿದ್ದುವು. ಹೊಲಗಳು ನಿವೇಶನಗಳಾದುವು, ನಿವೇಶನಗಳು ಮನೆಗಳಾದುವು. ಹೊಲ ಉತ್ತವರಿದ್ದ ಹಳ್ಳಿ ಮಾತ್ರ ಬಡಾವಣೆಯ ಹಿಂದೆ, ಕೆರೆಯ ಏರಿಯ ಪಕ್ಕದಲ್ಲಿ, ಇದ್ದಲ್ಲೇ ಉಳಿಯಿತು. ಹಳ್ಳಿಗೂ ಮುಖ್ಯರಸ್ತೆಗೂ ನಡುವೆ ಒಂದೂಕಾಲು ಕಿಲೋಮೀಟರು. ಆ ಒಂದೂಕಾಲು ಕಿಲೋಮೀಟರೇ ನಮ್ಮ ಬಡಾವಣೆ. ಮಾರ್ಕೆಟ್ಟಿನಿಂದ ಬರುವ ಬಸ್ಸು ಮುಖ್ಯರಸ್ತೆಯಲ್ಲಿ ತಿರುಗಿ, ನಮ್ಮ ಮನೆಗಳ ಮುಂದೆ ಹಾದು, ಹಳ್ಳಿಯ ಅರಳಿಕಟ್ಟೆಯನ್ನು ಒಂದು ಸುತ್ತು ಹಾಕಿ ಹಿಂದಿರುಗುತ್ತಿತ್ತು. ಬಡಾವಣೆ ಹುಟ್ಟುವುದಕ್ಕೆ ಮೊದಲಿನಿಂದಲೂ ಅದರ ದಾರಿ ಅದೇ. ಬಸ್ಸಿನ ದಾರಿಗೆ ಬಂದವರು ನಾವು. ನಮ್ಮ ದಾರಿಗೆ ಬಸ್ಸು ಬಂದದ್ದಲ್ಲ.

ಬಂದ ಹೊಸತರಲ್ಲಿ ನಮಗೂ ಅದೇ ಬಸ್ಸೇ ದಿಕ್ಕು. ನಿವೇಶನ ಮಾರಿದವನು “ಬಸ್ಸು ಮನೆಯ ಬಾಗಿಲಿಗೇ ಬರುತ್ತದೆ ಸ್ವಾಮಿ” ಎಂದು ಹೇಳಿಯೇ ನನ್ನಿಂದ ಒಂದಿಷ್ಟು ಹೆಚ್ಚು ತೆಗೆದುಕೊಂಡಿದ್ದ. ವರ್ಷಗಳು ಕಳೆದಂತೆ ಮನೆಗೊಂದು ಸ್ಕೂಟರು ಬಂತು. ಆಮೇಲೆ ಕಂತಿನ ಮೇಲೆ ಕಾರು ಬಂತು. ಬಸ್ಸಿನಲ್ಲಿ ನಮ್ಮ ಮುಖಗಳು ಕಡಿಮೆಯಾದುವು, ಹಳ್ಳಿಯವರ ಮುಖಗಳು ಉಳಿದುವು. ನಮಗೆ ಬೇಕಾಗಿದ್ದಷ್ಟು ದಿನ ಅದರ ಸದ್ದು ನಮಗೆ ಸದ್ದಾಗಿರಲಿಲ್ಲ, “ಓ, ಬಂತು!” ಎಂಬ ಸಮಾಧಾನವಾಗಿತ್ತು. ಬೇಡವಾದ ಮೇಲೆ ಅದೇ ಸದ್ದು ಗದ್ದಲವಾಯಿತು.

೨೦೨೩ರ ದಸರಾ ರಜೆಯ ಒಂದು ಭಾನುವಾರ ಬಡಾವಣೆಯ ಸಂಘದ ಸಭೆ ಸೇರಿತು. ಬೆಳಗಿನ ಐದೂವರೆಗೇ ಮೊದಲ ಬಸ್ಸು ಬಂದು ತಿರುವಿನಲ್ಲಿ ಹಾರನ್ನು ಹೊಡೆಯುತ್ತದೆ, ನಿದ್ದೆ ಕೆಡುತ್ತದೆ ಎಂದು ನಿವೃತ್ತ ಇಂಜಿನಿಯರರೊಬ್ಬರು ಹೇಳಿದರು. ಮಕ್ಕಳ ಓದಿಗೆ ಭಂಗ ಎಂದರು ಮತ್ತೊಬ್ಬರು. ಆ ವರ್ಷ ಜೂನ್ ೧೧ರಿಂದ ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ಟಿಲ್ಲದೆ ಪ್ರಯಾಣ ದೊರೆತಿತ್ತಷ್ಟೆ. ಅಂದಿನಿಂದ ಗುಂಪು ಹೆಚ್ಚಾಗಿದೆ, ನಮ್ಮ ಕಾಂಪೌಂಡಿನ ನೆರಳಿನಲ್ಲಿ ಯಾರು ಯಾರೋ ಕೂರುತ್ತಾರೆ ಎಂಬ ಮಾತೂ ಬಂತು. ಇವೆಲ್ಲಕ್ಕಿಂತ ಗಟ್ಟಿಯಾದ ದೂರು ಒಬ್ಬ ತಾಯಿಯದು: ಉದ್ಯಾನದಿಂದ ಉರುಳಿದ ಚೆಂಡಿನ ಹಿಂದೆ ಆಕೆಯ ಮಗು ಓಡಿತ್ತು; ಚಾಲಕ ಬ್ರೇಕು ಒತ್ತದಿದ್ದರೆ ಏನಾಗುತ್ತಿತ್ತೋ! ಅದು ಸುಳ್ಳಲ್ಲ, ನಾನೇ ಕಂಡದ್ದು. ಕೊನೆಗೆ ಬಸ್ಸು ಮುಖ್ಯರಸ್ತೆಯಲ್ಲೇ ಹಾದುಹೋಗಲಿ, ಬಡಾವಣೆಯೊಳಕ್ಕೆ ಬರುವುದು ಬೇಡ ಎಂದು ತೀರ್ಮಾನವಾಯಿತು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬರೆದೆ.

ಅದರ ಪ್ರತಿಯೊಂದು ನನ್ನ ಬಳಿ ಈಗಲೂ ಇದೆ. ‘ಸಾರ್ವಜನಿಕ ಹಿತದೃಷ್ಟಿಯಿಂದ’ ಎಂದು ಆರಂಭವಾಗುತ್ತದೆ. ‘ಮಕ್ಕಳ ಹಾಗೂ ವೃದ್ಧರ ಕ್ಷೇಮ’ ಎಂಬ ಮಾತು ಎರಡನೆಯ ವಾಕ್ಯದಲ್ಲಿದೆ. ಎಂಬತ್ತನಾಲ್ಕು ಸಹಿಗಳು ಬಿದ್ದುವು. ಹಳ್ಳಿಯವರದು ಒಂದೂ ಇರಲಿಲ್ಲ. ಅವರನ್ನು ಕೇಳಬಾರದೆಂದು ಯಾರೂ ಹೇಳಿದ್ದಲ್ಲ. ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಬಸ್ಸು ಮುಖ್ಯರಸ್ತೆಗೆ ಸರಿದ ದಿನ ಸಂಘದ ಅಧ್ಯಕ್ಷರು ಮೈಸೂರುಪಾಕಿನ ಪೊಟ್ಟಣ ಹಿಡಿದು ಮನೆಗೆ ಬಂದು, “ನಿಮ್ಮ ಕನ್ನಡಕ್ಕೆ ಜಯವಾಯಿತು ಮೇಷ್ಟರೆ” ಎಂದರು.

ನಮ್ಮ ಮನೆಗೆ ಹೂವು ತರುವ ಮುದುಕಿ ಆ ಹಳ್ಳಿಯವಳು. ಹೂವಮ್ಮ ಎಂದೇ ನಾವು ಕರೆಯುವುದು. ಆಕೆಯ ಗಂಡ ಗಾರೆ ಕೆಲಸದವನು. ಬಡಾವಣೆಯ ಅರ್ಧ ಮನೆಗಳ ಗೋಡೆಗಳಿಗೆ, ನಮ್ಮ ಮನೆಯ ಗೋಡೆಗೂ, ಗಾರೆ ಬಳಿದ ಕೈ ಅವನದು. ಕೆಲವು ವರ್ಷಗಳ ಹಿಂದೆ ಆತನ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದುವು. ಅಂದಿನಿಂದ ವಾರದಲ್ಲಿ ಮೂರು ದಿನ—ಸೋಮವಾರ, ಬುಧವಾರ, ಶುಕ್ರವಾರ—ನಗರದ ಮಧ್ಯದ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಡಯಾಲಿಸಿಸ್. ಆ ಮೂರು ದಿನ ನಮ್ಮ ಮನೆಗೆ ಹೂವು ಬರುತ್ತಿರಲಿಲ್ಲ. ಬಸ್ಸು ಸರಿದ ಮೇಲೆ ಒಂದು ಬುಧವಾರ ಹೂವು ಬಂತು. ಮುಂದಿನ ಬುಧವಾರವೂ ಬಂತು. ನನ್ನಾಕೆಗೆ ಸಂತೋಷವಾಯಿತು. ನನಗೂ ಸಂತೋಷವೇ ಆಗಿ, “ಏನಮ್ಮ, ಯಜಮಾನರಿಗೆ ವಾಸಿಯೆ?” ಎಂದು ಕೇಳಿದೆ.

“ವಾಸಿ ಎಲ್ಬಂತು ಸ್ವಾಮಿ. ವಾರಕ್ಕೆ ಎರಡೇ ಸಲ ಮಾಡಿಸ್ತಾ ಇದೀವಿ. ಹೋಗೋದು ಹೆಂಗೋ ಹೋಯ್ತೀವಿ, ಬೆಳಿಗ್ಗೆ ಹೊತ್ತು ಕೈ ಹಿಡ್ಕೊಂಡು ನಡೀತಾರೆ. ಬರೋದೇ ಕಷ್ಟ. ರೋಡಲ್ಲಿ ಇಳಿದ್ಮೇಲೆ ಕಾಲೇ ಬರಾಕಿಲ್ಲ ಅಂತ ಕೂತುಬುಡ್ತಾರೆ. ಆಟೋದವರು ಇಷ್ಟು ದೂರಕ್ಕೆ ಬರಾಕಿಲ್ಲ, ಬಂದ್ರೆ ನೂರು ರೂಪಾಯಿ ಅಂತಾರೆ. ಡಾಕ್ಟ್ರು ಬೈತಾರೆ. ಏನ್ಮಾಡೋದು? ಬಸ್ಸು ಯಾಕೆ ನಿಲ್ಲಿಸಿದ್ರೋ, ದೇವರೇ ಬಲ್ಲ.”

ದೇವರೊಬ್ಬನೇ ಬಲ್ಲನೆಂಬುದು ಸರಿಯಲ್ಲ, ನಾನೂ ಬಲ್ಲೆ. ಆದರೆ ಆ ದಿನ ಬಾಯಿ ಬರಲಿಲ್ಲ. ಹೂವಿನ ದುಡ್ಡು ಕೊಟ್ಟು ಒಳಕ್ಕೆ ಬಂದೆ.

ಡಯಾಲಿಸಿಸ್ ಎಂದರೇನೆಂದು ಓದುಗರಿಗೆ ತಿಳಿದೇ ಇರುತ್ತದೆ. ಮೂತ್ರಪಿಂಡಗಳು ಹಗಲೂ ರಾತ್ರಿ ಮಾಡುವ ಕೆಲಸವನ್ನು ಯಂತ್ರವೊಂದು ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಹೊತ್ತು, ಮಾಡಿಕೊಡುತ್ತದೆ. ಒಂದು ಸರದಿ ತಪ್ಪಿದರೆ ಮೈಯಲ್ಲಿ ನೀರು ನಿಲ್ಲುತ್ತದೆ. ಅದು ಶ್ವಾಸಕೋಶಕ್ಕೆ ಇಳಿದರೆ ಉಸಿರು ಕಟ್ಟುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಚಿಕಿತ್ಸೆ ಮುಗಿದ ಹೊತ್ತಿಗೆ ರಕ್ತದೊತ್ತಡ ಇಳಿದು, ಕೈಕಾಲು ಸೋತು, ಹಲವರಿಗೆ ನಿಲ್ಲುವುದೇ ಕಷ್ಟ. ಅಂದರೆ ಈ ರೋಗಿಗೆ ಆಸ್ಪತ್ರೆಯೆಂಬುದು ಒಮ್ಮೆ ಹೋಗಿ ಬರುವ ಊರಲ್ಲ. ವರ್ಷಕ್ಕೆ ನೂರೈವತ್ತಕ್ಕೂ ಹೆಚ್ಚು ಸಲ ಹೋಗಿ, ಅಷ್ಟೇ ಸಲ ಹಿಂದಿರುಗಬೇಕಾದ ದಾರಿ. ಯಂತ್ರಕ್ಕೆ ಅವನು ದುಡ್ಡು ಕೊಡಬೇಕಾಗಿಲ್ಲ. ಅದನ್ನು ಸರ್ಕಾರ ನೋಡಿಕೊಂಡಿತು. ಹೆಂಡತಿಗೆ ಬಸ್ಸಿನ ಟಿಕೆಟ್ಟೂ ಇಲ್ಲ; ಅದನ್ನೂ ಸರ್ಕಾರ ನೋಡಿಕೊಂಡಿತು. ಉಳಿದದ್ದು ಒಂದೂಕಾಲು ಕಿಲೋಮೀಟರು. ಅದನ್ನು ನೋಡಿಕೊಂಡವನು ನಾನು.

ಆ ರಾತ್ರಿ ನನಗೆ ದಶರಥನ ನೆನಪಾಯಿತು. ರಾಮನು ಕಾಡಿಗೆ ಹೋದ ಮೇಲೆ, ಸಾಯುವ ಮುಂಚೆ, ದಶರಥನು ಕೌಸಲ್ಯೆಗೆ ತನ್ನ ಯೌವನದ ಒಂದು ಪಾಪವನ್ನು ಹೇಳಿಕೊಳ್ಳುತ್ತಾನಷ್ಟೆ. ಅವನಿಗೆ ಶಬ್ದವೇಧಿ ವಿದ್ಯೆ ಬರುತ್ತಿತ್ತು. ಕಣ್ಣಿಗೆ ಕಾಣದ್ದನ್ನು ಸದ್ದಿನ ಜಾಡಿನಲ್ಲೇ ಹೊಡೆಯಬಲ್ಲವನು. ಮಳೆಗಾಲದ ಒಂದು ಇರುಳು ಸರಯೂ ತೀರದಲ್ಲಿ ಗುಳುಗುಳು ಸದ್ದು ಕೇಳಿಸಿತು. ಆನೆ ನೀರು ಕುಡಿಯುತ್ತಿದೆಯೆಂದು ಬಾಣ ಬಿಟ್ಟ. ಅಲ್ಲಿದ್ದದ್ದು ಆನೆಯಲ್ಲ, ಕುರುಡ ತಂದೆತಾಯಿಗಳಿಗಾಗಿ ಕೊಡಕ್ಕೆ ನೀರು ತುಂಬುತ್ತಿದ್ದ ಹುಡುಗ. ವಾಲ್ಮೀಕಿ ಅವನ ಹೆಸರನ್ನು ಹೇಳುವುದಿಲ್ಲ. ನಮ್ಮ ಜನ ಅವನಿಗೆ ಶ್ರವಣಕುಮಾರನೆಂದು ಹೆಸರಿಟ್ಟು, ಹೆಗಲ ಮೇಲೊಂದು ಕಾವಡಿಯನ್ನೂ ಕೊಟ್ಟರು. ಒಂದು ಬುಟ್ಟಿಯಲ್ಲಿ ತಾಯಿ, ಇನ್ನೊಂದರಲ್ಲಿ ತಂದೆ.

ಈ ಕಥೆಯನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹೇಳುವಾಗಲೆಲ್ಲ ಪಿತೃಭಕ್ತಿಯ ಕಡೆಗೋ ವಿಧಿಯ ಕಡೆಗೋ ನನ್ನ ಮಾತು ಹರಿಯುತ್ತಿತ್ತು. ದಶರಥನ ತಪ್ಪು ಯಾವುದೆಂದು ನಿಂತು ಯೋಚಿಸಿದ್ದು ಆ ರಾತ್ರಿಯೇ. ಕೊಲ್ಲಬೇಕೆಂಬ ಮನಸ್ಸು ಅವನಿಗಿರಲಿಲ್ಲ. ದ್ವೇಷ ಮೊದಲೇ ಇಲ್ಲ. ತಿಳಿಯದೆ ಮಾಡಿದ್ದು ಎಂದು ಅವನೇ ಹೇಳುತ್ತಾನೆ, ಋಷಿಯೂ ಒಪ್ಪುತ್ತಾನೆ. ಆದರೂ ಶಾಪ ತಪ್ಪಲಿಲ್ಲ. ಹಾಗಾದರೆ ತಪ್ಪು ಎಲ್ಲಿದೆ? ನನಗೆ ತೋರಿದ ಮಟ್ಟಿಗೆ ಅದು ಅಜ್ಞಾನದಲ್ಲಿಲ್ಲ, ವಿದ್ಯೆಯಲ್ಲಿದೆ. ನೋಡದೆ ಹೊಡೆಯಬಲ್ಲೆನೆಂಬ ಜಾಣ್ಮೆಯಲ್ಲಿ, ಆ ಜಾಣ್ಮೆಯ ಹೆಮ್ಮೆಯಲ್ಲಿದೆ. ಆ ವಿದ್ಯೆ ಬಾರದ ಸಾಮಾನ್ಯ ಬೇಡನಾಗಿದ್ದರೆ ಎರಡು ಹೆಜ್ಜೆ ಮುಂದೆ ಹೋಗಿ ನೋಡುತ್ತಿದ್ದ. ನಾವೂ ಮಾಡಿದ್ದು ಅದನ್ನೇ. ಬಸ್ಸಿನ ಸದ್ದು ಕೇಳಿಸಿತು, ಸದ್ದಿಗೆ ಗುರಿಯಿಟ್ಟೆವು, ಬಾಣ ಒಳಗೆ ಕುಳಿತಿದ್ದವರಿಗೆ ತಗುಲಿತು. ಅರ್ಜಿ, ಸಹಿ, ಠರಾವು, ಆದೇಶ—ಈ ಕಾಲದ ಶಬ್ದವೇಧಿ ವಿದ್ಯೆಗಳೆಂದರೆ ಇವೇ. ಇವನ್ನು ಬಲ್ಲವನು ಯಾರ ಮುಖವನ್ನೂ ನೋಡಬೇಕಾಗಿಲ್ಲ.

“ಹಾಗೆಂದರೆ ಮಾಡುವ ಪ್ರತಿಯೊಂದು ಕೆಲಸದ ಪರಿಣಾಮವೂ ಎಲ್ಲೆಲ್ಲಿ ಮುಟ್ಟುತ್ತದೆಂದು ಮೊದಲೇ ತಿಳಿದಿರಬೇಕೇನು? ಆಗ ಮನುಷ್ಯ ಕೈಕಟ್ಟಿ ಕೂರಬೇಕಾದೀತು” ಎಂದು ತತ್ತ್ವಶಾಸ್ತ್ರದ ಅಧ್ಯಾಪಕ ಮಿತ್ರರೊಬ್ಬರು ಆಕ್ಷೇಪಿಸಿದರು. ಒಪ್ಪತಕ್ಕ ಮಾತು. ಎಲ್ಲವನ್ನೂ ತಿಳಿದು ಮಾಡುವುದು ದೇವರಿಗೆ ಸಾಧ್ಯ, ನಮಗಲ್ಲ. ಆದರೆ ತಿಳಿಯಲಾಗದ್ದು ಬೇರೆ, ತಿಳಿಯಲು ಹೋಗದ್ದು ಬೇರೆ. ಒಂದನ್ನು ಅಜ್ಞಾನವೆನ್ನಬಹುದು, ಇನ್ನೊಂದು ಆಲಸ್ಯ. ದಶರಥನಿಗೆ ಇರುಳಾದರೂ ಇತ್ತು. ನನ್ನದು ಹಗಲು. ಆ ಬಸ್ಸಿಗೆ ಕಿಟಕಿಗಳಿದ್ದುವು, ಕಿಟಕಿಗಳಲ್ಲಿ ಮುಖಗಳಿದ್ದುವು, ಅದರಲ್ಲೊಂದು ದಿನವೂ ನನ್ನ ಬಾಗಿಲಿಗೆ ಹೂವು ತರುವ ಮುಖ. ಮೂರು ದಿನ ಆಕೆ ಎಲ್ಲಿಗೆ ಹೋಗುತ್ತಾಳೆಂಬುದು ನನಗೆ ಗೊತ್ತಿತ್ತು. ಹೇಗೆ ಹೋಗುತ್ತಾಳೆಂದು ಕೇಳಿರಲಿಲ್ಲ, ಅಷ್ಟೆ. ಒಂದೇ ಒಂದು ಪ್ರಶ್ನೆಯ ದೂರದಲ್ಲಿದ್ದ ಸತ್ಯ ಅದು.

ಮುಂದಿನ ವಾರ ಆಕೆಗೆ ಹೇಳಿದೆ. ವಾಲ್ಮೀಕಿಯ ಋಷಿ ದಶರಥನಿಗೆ, ನೀನಾಗಿ ಬಂದು ಹೇಳದಿದ್ದರೆ ನಿನ್ನ ತಲೆ ಒಡೆದುಹೋಗುತ್ತಿತ್ತು ಎನ್ನುತ್ತಾನೆ. ನನ್ನ ತಲೆಗೆ ಅಂಥ ಭಯವೇನೂ ಇರಲಿಲ್ಲ. ಆದರೂ ಹೇಳುವುದು ಸುಲಭವಾಗಲಿಲ್ಲ. “ಆ ಬಸ್ಸು ಬೇಡವೆಂದು ಬರೆದವನು ನಾನೇ ಅಮ್ಮ” ಎಂದೆ. ಆಕೆ ಸ್ವಲ್ಪ ಹೊತ್ತು ಹೂವಿನ ಮೊಳ ಅಳೆಯುತ್ತಲೇ ಇದ್ದಳು. ಆಮೇಲೆ, “ನೀವು ಬರ್ದಿದ್ದಕ್ಕೇ ಹೋಯ್ತಾ? ಹಂಗಾದ್ರೆ ಇನ್ನೊಂದು ಬರೀರಿ ಸ್ವಾಮಿ, ಬರ್ಲಿ” ಎಂದಳು. ಕೋಪವಿಲ್ಲ, ಕ್ಷಮೆಯೂ ಇಲ್ಲ. ಕೆಟ್ಟದ್ದನ್ನು ಸರಿಮಾಡುವುದು ಕೆಡಿಸಿದವನ ಕೆಲಸ, ಅಷ್ಟೆ.

ಇನ್ನೊಂದು ಬರೆಯುವ ಮೊದಲು ನಾನು ಸುಲಭದ ದಾರಿಯೊಂದನ್ನು ಹಿಡಿದೆ. ಬುಧವಾರ ನನಗೆ ಮಧ್ಯಾಹ್ನದ ಪಾಠಗಳು ಮಾತ್ರ. ಬೆಳಿಗ್ಗೆ ನನ್ನ ಕಾರಿನಲ್ಲೇ ಅವರನ್ನು ಆಸ್ಪತ್ರೆಗೆ ಬಿಡುತ್ತೇನೆ, ಬರುವಾಗಿನ ಆಟೋ ನನ್ನ ಲೆಕ್ಕಕ್ಕೆ ಎಂದೆ. ದಶರಥನೂ ಆ ಕೊಡವನ್ನು ತಾನೇ ಹೊತ್ತು ಆ ಮುದುಕರ ಬಳಿಗೆ ಹೋಗಲಿಲ್ಲವೆ? ಮೊದಲ ದಿನ ಗಂಡಹೆಂಡಿರಿಬ್ಬರೂ ಹಿಂದಿನ ಸೀಟಿನ ತುದಿಯಲ್ಲಿ, ಸೀಟು ಕೊಳೆಯಾದೀತೋ ಎಂಬಂತೆ, ಕುಳಿತರು. ದಾರಿಯುದ್ದಕ್ಕೂ ಮಾತಿಲ್ಲ. ಇಳಿಯುವಾಗ ಆತ ಕೈಮುಗಿದ. ನಮ್ಮ ಗೋಡೆಗೆ ಗಾರೆ ಬಳಿಯುವಾಗ, “ಸಾರಂಗಕಟ್ಟಿ ಮೇಲಿಂದ ಯಾರೂ ಮಾತಾಡಿಸ್ಬ್ಯಾಡಿ, ಸಿಮೆಂಟು ಒಣಗೋಯ್ತದೆ” ಎಂದು ನನಗೇ ಗದರಿದ ಮನುಷ್ಯ! ಮಾರನೆಯ ದಿನ ಹೂವಮ್ಮ ಎರಡು ಮೊಳಕ್ಕೆ ಬದಲು ನಾಲ್ಕು ಮೊಳ ಅಳೆದಳು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಆಗ ನನಗೊಂದು ವಿಷಯ ಹೊಳೆಯಿತು. ಬಸ್ಸಿನಲ್ಲಿ ಅವರು ಪ್ರಯಾಣಿಕರು. ನನ್ನ ಕಾರಿನಲ್ಲಿ ಆಶ್ರಿತರು. ಬಸ್ಸಿನಲ್ಲಿ ಆತ ಟಿಕೆಟ್ಟು ಕೇಳಿ ಪಡೆಯುತ್ತಿದ್ದ, ಚಿಲ್ಲರೆಗಾಗಿ ಕಂಡಕ್ಟರನೊಡನೆ ಜಗಳ ತೆಗೆಯುತ್ತಿದ್ದ, ತಡವಾದರೆ ಬಯ್ಯುತ್ತಿದ್ದ. ನನ್ನ ಕಾರು ತಡವಾದರೆ ಬಯ್ಯುವಂತಿಲ್ಲ. ನನಗೆ ಜ್ವರ ಬಂದರೆ, ಪರೀಕ್ಷೆಯ ಕೆಲಸ ಬಿದ್ದರೆ, ನನ್ನ ಉತ್ಸಾಹವೇ ಬತ್ತಿಹೋದರೆ, ಅವರು ಏನೂ ಕೇಳುವಂತಿಲ್ಲ. ಹಕ್ಕಾಗಿ ಇದ್ದದ್ದನ್ನು ನಾನು ಕಿತ್ತುಕೊಂಡು, ಅದರ ಮೂರರಲ್ಲೊಂದು ಪಾಲನ್ನು ದಯೆಯಾಗಿ ಹಿಂದಕ್ಕೆ ಕೊಟ್ಟಿದ್ದೆ, ಅದಕ್ಕೆ ಕೈಮುಗಿಸಿಕೊಂಡಿದ್ದೆ.

ದಯೆಯನ್ನು ನಾನು ಹೀನಾಯವಾಗಿ ಕಾಣುತ್ತಿಲ್ಲ. ದಾರಿಯಲ್ಲಿ ಬಿದ್ದವನನ್ನು ಎತ್ತುವಾಗ ಹಕ್ಕುಬಾಧ್ಯತೆಗಳ ವಿಚಾರ ಮಾಡುತ್ತಾ ನಿಲ್ಲುವವನು ಮನುಷ್ಯನೇ ಅಲ್ಲ. ಆಸ್ಪತ್ರೆಯ ಬಾಗಿಲಿನಲ್ಲಿ ನಿಲ್ದಾಣವಿಲ್ಲದಿದ್ದರೂ ಮುದುಕಿಯೊಬ್ಬಳಿಗಾಗಿ ಬಸ್ಸು ನಿಲ್ಲಿಸುವ ಚಾಲಕರನ್ನು ಕಂಡಿದ್ದೇನೆ; ಅವರಿಗೆ ಮನಸ್ಸಿನಲ್ಲೇ ವಂದಿಸಿದ್ದೇನೆ. ಆದರೆ ದಯೆಗೆ ಒಂದು ಕೊರತೆಯುಂಟು: ಅದಕ್ಕೆ ವೇಳಾಪಟ್ಟಿಯಿಲ್ಲ. ಅದು ಕಂಡವರನ್ನು ಕಾಯುತ್ತದೆ, ಕಾಣದವರನ್ನು ಬಿಡುತ್ತದೆ. ಹೂವಮ್ಮ ನಮ್ಮ ಮನೆಗೆ ಹೂವು ತರುತ್ತಿರದಿದ್ದರೆ ನನ್ನ ದಯೆ ಆಕೆಯ ಗಂಡನವರೆಗೆ ಹೋಗುತ್ತಿರಲೇ ಇಲ್ಲ. ಆ ಹಳ್ಳಿಯಲ್ಲಿ ಹೂವು ಮಾರದ ರೋಗಿಗಳೂ ಇದ್ದಾರೆ. ದಾನಕ್ಕೂ ದಾಸೋಹಕ್ಕೂ ನಮ್ಮ ಶರಣರು ಭೇದ ಮಾಡಿದ್ದು ಸುಮ್ಮನೆಯಲ್ಲ. ಕೊಡುವವನು ತಾನು ಕೊಡುವವನೆಂಬುದನ್ನು ಮರೆತರೇ ಪಡೆಯುವವನ ತಲೆ ಎತ್ತಿರುವುದು ಸಾಧ್ಯ. ಎಲ್ಲರ ತೆರಿಗೆಯಿಂದ ನಡೆಯುವ ಬಸ್ಸು ಇದನ್ನು ಯಾವ ಪ್ರಯಾಸವೂ ಇಲ್ಲದೆ ಸಾಧಿಸುತ್ತದೆ. ಅದಕ್ಕೆ ಯಾರ ಮೇಲೂ ಕರುಣೆಯಿಲ್ಲ, ಎಲ್ಲರಿಗೂ ಸ್ಥಳವುಂಟು. ಶ್ರವಣನಂಥ ಮಗ ಎಲ್ಲ ತಂದೆತಾಯಿಗಳಿಗೂ ಹುಟ್ಟುವುದಿಲ್ಲ. ಹುಟ್ಟದವರಿಗಾಗಿ ಊರೆಲ್ಲ ಸೇರಿ ಹೊರುವ ಕಾವಡಿಯೇ ಬಸ್ಸು.

ಈ ವಿಚಾರ ಹೊಸದೇನೂ ಅಲ್ಲ. ಕ್ರಿಸ್ತಪೂರ್ವ ೩ನೆಯ ಶತಮಾನದಲ್ಲಿ ಅಶೋಕನು ಗಿರ್ನಾರದ ಬಂಡೆಯ ಮೇಲೆ ಕೆತ್ತಿಸಿದ ಎರಡನೆಯ ಶಾಸನವನ್ನು ನೋಡಿ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದು, ಮೂಲಿಕೆಗಳನ್ನು ತರಿಸಿ ನೆಡಿಸಿದ್ದು, ದಾರಿಗಳಲ್ಲಿ ಬಾವಿ ತೋಡಿಸಿ ಮರ ಬೆಳೆಸಿದ್ದು—ಇವೆಲ್ಲ ಅದೊಂದೇ ಶಾಸನದಲ್ಲಿವೆ. ಮದ್ದಿನ ಮಾತೂ ದಾರಿಯ ಮಾತೂ ಬೇರೆ ಬೇರೆಯೆಂದು ಆ ಅರಸನಿಗೆ ತೋರಲಿಲ್ಲ. ನಮ್ಮ ಬಳ್ಳಿಗಾವೆಯ ಕೋಡಿಮಠವನ್ನು ೧೧೬೨ರ ಶಾಸನವೊಂದು ವರ್ಣಿಸುವಾಗ, ಅಲ್ಲಿ ಅನಾಥ ರೋಗಿಗಳಿಗೆ ಔಷಧ ದೊರೆಯುತ್ತಿದ್ದುದನ್ನು ಎತ್ತಿ ಹೇಳುತ್ತದೆ. ರೋಗಿ ಬಂದರೆ ಮದ್ದು. ಆದರೆ ಬರುವುದು ಹೇಗೆ ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೆ ಬಾಗಿಲ ಹೊರಗೇ ನಿಂತಿದೆ. ಸರ್ಕಾರಿ ಆಸ್ಪತ್ರೆ ತುರ್ತು ಚಿಕಿತ್ಸೆಯನ್ನು ನಿರಾಕರಿಸಿದರೆ ಅದು ಬದುಕುವ ಹಕ್ಕಿಗೇ ಭಂಗವೆಂದು ೧೯೯೬ರಲ್ಲಿ ಸುಪ್ರೀಂ ಕೋರ್ಟು ಪಶ್ಚಿಮ ಬಂಗಾಳದ ಒಂದು ಮೊಕದ್ದಮೆಯಲ್ಲಿ ತೀರ್ಪಿತ್ತಿತು. ದೊಡ್ಡ ಮಾತು. ಆದರೆ ಆ ಹಕ್ಕು ಆಸ್ಪತ್ರೆಯ ಬಾಗಿಲಿನಿಂದ ಮೊದಲಾಗುತ್ತದೆಯೋ, ರೋಗಿಯ ಮನೆಯ ಹೊಸ್ತಿಲಿನಿಂದಲೋ?

ಬೆಂಗಳೂರನ್ನೇ ತೆಗೆದುಕೊಳ್ಳಿ. ೧೯೦೦ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆ, ೧೯೩೫ರಲ್ಲಿ ತೆರೆದ ವಾಣಿವಿಲಾಸ ಆಸ್ಪತ್ರೆ, ಇವೆರಡೂ ಕೋಟೆಯ ಮಗ್ಗುಲಲ್ಲಿ, ಊರಿನ ದಾರಿಗಳು ಕೂಡುವ ಮಾರ್ಕೆಟ್ಟಿನ ಬಳಿ ಎದ್ದುವು. ಮುಂದೆ ಊರು ಬೆಳೆದು ಸುತ್ತಣ ಹಳ್ಳಿಗಳನ್ನು ಒಳಗೊಂಡಿತು. ದೊಡ್ಡ ಆಸ್ಪತ್ರೆಗಳು ಮಾತ್ರ ಹೀಗೆ ಹಬ್ಬಲಿಲ್ಲ. ಮೆದುಳಿಗೆ ನಿಮ್ಹಾನ್ಸ್, ಕ್ಯಾನ್ಸರಿಗೆ ಕಿದ್ವಾಯಿ, ಮಕ್ಕಳಿಗೆ ಇಂದಿರಾಗಾಂಧಿ ಸಂಸ್ಥೆ, ಹೃದಯಕ್ಕೆ ಜಯದೇವ—ಎಲ್ಲವೂ ಜಯನಗರದ ಮಗ್ಗುಲಿನ ಒಂದೇ ಪ್ರದೇಶದಲ್ಲಿವೆ. ಯಲಹಂಕದವನೂ ಕೆಂಗೇರಿಯವನೂ ಹೊಸಕೋಟೆಯವನೂ ಊರನ್ನು ಸೀಳಿಕೊಂಡು ಅಲ್ಲಿಗೇ ಬರಬೇಕು. ೨೦೨೫ರ ಆಗಸ್ಟ್ ೧೦ರಂದು ಹಳದಿ ಮಾರ್ಗದ ಮೆಟ್ರೋ ಓಡತೊಡಗಿ, ಜಯದೇವ ಆಸ್ಪತ್ರೆಯ ಹೆಸರಿನಲ್ಲೇ ಒಂದು ನಿಲ್ದಾಣವಾಯಿತು. ಸಂತೋಷವೇ. ಕೆಂಗೇರಿಯ ರೋಗಿ ಈಗ ಮೆಜೆಸ್ಟಿಕ್ಕಿನಲ್ಲೊಮ್ಮೆ, ಆರ್.ವಿ. ರಸ್ತೆಯಲ್ಲೊಮ್ಮೆ ರೈಲು ಬದಲಾಯಿಸಿ ಅಲ್ಲಿಗೆ ತಲಪಬಹುದು. ಆದರೆ ಮೆಟ್ರೋ ನಿಲ್ದಾಣದಿಂದ ಮನೆಯವರೆಗೆ? ದಾರಿಯ ದೊಡ್ಡ ತುಂಡುಗಳನ್ನು ಕಟ್ಟುವುದಕ್ಕೆ ನಾವು ಕೋಟಿಗಳನ್ನು ಸುರಿಯುತ್ತೇವೆ. ಮನುಷ್ಯ ಕುಸಿದು ಕೂರುವುದು ಕೊನೆಯ

ಚಿಕ್ಕ ತುಂಡಿನಲ್ಲಿ. ಅಪಾಯದ ಹೊತ್ತಿನಲ್ಲಿ ೧೦೮ಕ್ಕೆ ಕರೆ ಮಾಡಿದರೆ ಆಂಬ್ಯುಲೆನ್ಸು ಬರುತ್ತದೆ, ನಿಜ. ಆದರೆ ರೋಗಗಳಲ್ಲಿ ಬಹುಪಾಲು ಗಂಟೆ ಬಾರಿಸಿಕೊಂಡು ಬರುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬಸಿರಿನ ತಪಾಸಣೆ, ವಾರಗಟ್ಟಲೆ ದಿನವೂ ಕೊಡುವ ಕ್ಯಾನ್ಸರಿನ ವಿಕಿರಣ ಚಿಕಿತ್ಸೆ, ಇವಕ್ಕೆಲ್ಲ ಬಸ್ಸೇ ಆಂಬ್ಯುಲೆನ್ಸು.

ಒಳರಸ್ತೆಗಳಲ್ಲಿ ಬಸ್ಸು ಓಡಿಸಿದರೆ ನಷ್ಟ ಎಂಬ ಮಾತಿದೆ. ಅದನ್ನು ತಳ್ಳಿಹಾಕಲಾಗದು. ಬೆಂಗಳೂರಿನ ಬಸ್ಸುಗಳನ್ನು ಸರ್ಕಾರ ೧೯೫೬ರಲ್ಲಿ ಖಾಸಗಿ ಕಂಪನಿಯಿಂದ ವಹಿಸಿಕೊಂಡಿತು. ೧೯೯೭ರಲ್ಲಿ ನಗರಕ್ಕೆಂದೇ ಬೇರೆ ಸಂಸ್ಥೆಯಾಯಿತು. ಇಂಥ ಸಂಸ್ಥೆಗಳಿಗೆಲ್ಲ ತಳಹದಿಯಾದ ೧೯೫೦ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆ ಎರಡು ಮಾತು ಹೇಳುತ್ತದೆ. ಜನರಿಗೆ ಸಾಕಾಗುವಷ್ಟು, ಒಂದಕ್ಕೊಂದು ಹೊಂದಿಕೊಂಡ, ಮಿತವ್ಯಯದ ಸೇವೆ ಒದಗಿಸಬೇಕೆಂದು ೧೮ನೆಯ ವಿಧಿ. ವ್ಯವಹಾರದ ತತ್ತ್ವದಂತೆ ನಡೆಯಬೇಕೆಂದು ೨೨ನೆಯ ವಿಧಿ. ಒಂದೇ ಕಾಯ್ದೆಯ ಎರಡು ಕಣ್ಣುಗಳಿವು. ಎರಡನ್ನೂ ತೆರೆದಿಡುವುದು ಕಷ್ಟ. ನಷ್ಟವೆಂದಾಗ ಲೆಕ್ಕಕ್ಕೆ ಬರುವುದು ಹರಿದ ಟಿಕೆಟ್ಟುಗಳು. ತಪ್ಪಿದ ಡಯಾಲಿಸಿಸ್ ಯಾವ ಡಿಪೋದ ಪುಸ್ತಕದಲ್ಲೂ ಬರುವುದಿಲ್ಲ. ಆದರೆ ಆ ನಷ್ಟವೂ ನಷ್ಟವೇ, ಯಾರೋ ತೆರುತ್ತಲೇ ಇದ್ದಾರೆ. ಇನ್ನು ಆ ತಾಯಿಯ ಭಯ. ಅದೂ ನಿಜವಾದದ್ದೇ. ಆದರೆ ಉದ್ಯಾನಕ್ಕೆ ಬೇಲಿ ಹಾಕಿ, ರಸ್ತೆಗೆ ಉಬ್ಬು ಹಾಕಿ, ಚಿಕ್ಕ ಬಸ್ಸು ಕಳುಹಿಸಿ ಎಂದು ನಾವು ಕೇಳಬಹುದಿತ್ತು. ಅದೇ ರಸ್ತೆಯಲ್ಲಿ ನಮ್ಮ ಎಂಬತ್ತು ಕಾರುಗಳು ಓಡಾಡುತ್ತವೆ; ಅವು ಬೇಡವೆಂದು ಯಾರೂ ಅರ್ಜಿ ಬರೆಸಲಿಲ್ಲ.

ಎರಡನೆಯ ಅರ್ಜಿಯನ್ನು ಬರೆಯುವ ಮೊದಲು ಹಳ್ಳಿಗೆ ಹೋದೆ. ಅರಳಿಕಟ್ಟೆಯ ಮೇಲೆ ಕುಳಿತು ಕೇಳಿದೆ. ಅವರು ಕೇಳಿದ್ದು ಹೆಚ್ಚೇನಲ್ಲ: ಚಿಕ್ಕ ಬಸ್ಸಾದರೂ ಸರಿ, ದಿನಕ್ಕೆ ನಾಲ್ಕು ಸಲ ಸಾಕು, ಹೊತ್ತು ಮಾತ್ರ ತಪ್ಪಬಾರದು. ಈ ಸಲ ‘ಸಾರ್ವಜನಿಕ ಹಿತದೃಷ್ಟಿಯಿಂದ’ ಎಂದು ಬರೆಯಲು ಕೈ ಬರಲಿಲ್ಲ. ಯಾರು, ಎಲ್ಲಿಗೆ, ವಾರಕ್ಕೆ ಎಷ್ಟು ಸಲ ಹೋಗುತ್ತಾರೆಂದು ಪಟ್ಟಿ ಮಾಡಿ ಬರೆದೆ. ಹಳ್ಳಿಯಲ್ಲಿ ನೂರಕ್ಕೂ ಹೆಚ್ಚು ಸಹಿ ಹೆಬ್ಬೆಟ್ಟುಗಳು ಬಿದ್ದುವು. ಬಡಾವಣೆಯಲ್ಲಿ ಹನ್ನೊಂದು. ಹನ್ನೊಂದರಲ್ಲಿ ಒಂದು ಆ ತಾಯಿಯದು. ಬೇಲಿಯ ಮಾತನ್ನೂ ಸೇರಿಸಿ ಎಂದು ಹೇಳಿ ಆಕೆ ಸಹಿ ಹಾಕಿದಳು. ಅಧ್ಯಕ್ಷರು ಈಗ ನನ್ನೊಡನೆ ಹೆಚ್ಚು ಮಾತನಾಡುವುದಿಲ್ಲ.

ಡಿಪೋದ ಅಧಿಕಾರಿ ಸೌಜನ್ಯದ ಮನುಷ್ಯ. ಹಳೆಯ ಕಡತ ತರಿಸಿ, ಎರಡು ಅರ್ಜಿಗಳನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ಓದಿದರು. “ಎರಡರ ಒಕ್ಕಣೆಯೂ ಒಂದೇ ಕೈಯದಿದ್ದಂತಿದೆಯಲ್ಲ ಸಾರ್?” ಎಂದರು. ಹೌದೆಂದೆ. ಅವರು ನಗಲಿಲ್ಲ. ಮೊದಲನೆಯದರ ಮೇಲೆ ಆದೇಶವಾಗಿರುವುದರಿಂದ ಎರಡನೆಯದನ್ನು ಮೇಲಕ್ಕೆ ಕಳುಹಿಸಬೇಕಾಗುತ್ತದೆಂದು ಹೇಳಿ, ಬರೆದು ಕಳುಹಿಸಿದರು. ಬಿಟ್ಟ ಬಾಣವನ್ನು ಹಿಂದಕ್ಕೆ ಕರೆಯುವ ವಿದ್ಯೆ ಶಬ್ದವೇಧಿಗಿಂತ ಕಷ್ಟದ್ದು, ಅದನ್ನು ಕಲಿಯುತ್ತಿದ್ದೇನೆ. ತಿಂಗಳಿಗೊಮ್ಮೆ ಹೋಗಿ ವಿಚಾರಿಸಿಕೊಂಡು ಬರುತ್ತೇನೆ.

ಅಲ್ಲಿಯವರೆಗೆ ಬುಧವಾರಗಳು ನನ್ನವು. ಸೀಟಿನ ತುದಿಯಲ್ಲಿ ಕೂರುವುದನ್ನು ಅವರು ಇನ್ನೂ ಬಿಟ್ಟಿಲ್ಲ. ನಾಲ್ಕು ಮೊಳ ಅಳೆಯುವುದನ್ನು ಮಾತ್ರ, ಬೇಡಿಕೊಂಡು, ನಿಲ್ಲಿಸಿದ್ದೇನೆ. ಬುಧವಾರ ನಮ್ಮ ಮನೆಗೆ ಈಗ ಹೂವು ಬರುವುದಿಲ್ಲ. ದೇವರ ಪಟದ ಮೇಲೆ ಹಿಂದಿನ ದಿನದ ಬಾಡಿದ ಹೂವೇ ಇರುತ್ತದೆ. ನನ್ನಾಕೆ ಅದನ್ನು ತೆಗೆಯುವುದಿಲ್ಲ.